ಲಂಡನ್ನಿನಿಂದ ಲಷ್ಕರ್ ಮೊಹಲ್ಲಾಗೆ ಎಷ್ಟು ಹೊತ್ತು

ಹೊರಡುವ ಮೊದಲು

ನಾನು ವಿಮಾನ ಹತ್ತುತ್ತೇನೆಂದು ತಿಳಿದಾಗ ನಮ್ಮ ಬೀದಿಯವರು ಏನೇನೋ ಕೇಳಿದರು. ಭಯವಾಗುವುದಿಲ್ಲವೆ, ಅಲ್ಲಿ ಮುದ್ದೆ ಸಿಗುತ್ತದೆಯೆ, ಜೋರು ಮಳೆ ಬಂದರೆ ವಿಮಾನವನ್ನು ಎಲ್ಲಿ ನಿಲ್ಲಿಸುತ್ತಾರೆ. ನಮ್ಮವ್ವ ಕೇಳಿದ್ದು ಮಾತ್ರ ಒಂದೇ.

"ಎಷ್ಟೊತ್ತು ಹಿಡೀತದೆ ಅಂತ ಸರಿಯಾಗಿ ನೋಡ್ಕೊಂಡು ಬಾ ಮಗ."

"ಅಲ್ಲಿಗೆ ಹೋಗಕ್ಕಾ ಅವ್ವ?"

"ಹೋಗೋದು ನಂಗ್ಯಾಕೆ? ಅಲ್ಲಿಂದ ಇಲ್ಲಿಗೆ ಬರೋದು ಹೇಳು."

ಈ ಮಾತು ತಿಳಿಯಬೇಕಾದರೆ ನಮ್ಮ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ನಮ್ಮ ತಂದೆ ತಿರುಮಕೂಡಲು ಕಡೆಯ ಹಳ್ಳಿಯ ಹೊಲವನ್ನು ತಮ್ಮನಿಗೆ ಒಪ್ಪಿಸಿ, ಮೈಸೂರಿಗೆ ಬಂದು ಲಷ್ಕರ್ ಮೊಹಲ್ಲಾದಲ್ಲಿ ಊದುಬತ್ತಿ ಹೊಸೆಯುವ ಕೆಲಸಕ್ಕೆ ಕೂತವರು. ಅವರು ತೀರಿಕೊಂಡು ಊರ ಹೊಲದಲ್ಲೇ ಮಣ್ಣಾದ ಮೇಲೆ ಹೊಸೆಯುವ ಮಣೆ ನನ್ನದಾಯಿತು. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ನನ್ನ ತಮ್ಮ ಪುಟ್ಟಸ್ವಾಮಿ ಓದಿದ, ಎಂಜಿನಿಯರಾದ, ಯಂತ್ರಗಳ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋದ. ಎರಡು ವರ್ಷಕ್ಕೆಂದು ಹೋದವನು ಮೊದಲ ಚಳಿಗಾಲದಲ್ಲೇ ನ್ಯುಮೋನಿಯ ಆಗಿ ಅಲ್ಲೇ ತೀರಿಕೊಂಡ. ಸುಡುವುದೋ ಹೂಳುವುದೋ ಎಂದು ಕೇಳಿ ಅಲ್ಲಿಂದ ತಂತಿ ಬಂತು. ನಮ್ಮಲ್ಲಿ ಹೂಳುತ್ತೇವೆ ಎಂದು ನಾನು ತಿರುಗಿ ತಂತಿ ಕೊಟ್ಟೆ. ತಮ್ಮನಿಗಾಗಿ ನನ್ನ ಕೈಲಾದದ್ದು ಅಷ್ಟೇ. ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಬಾಳೆಲೆ ಹಾಸಿ, ಹೋದವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಬಟ್ಟೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಒಂದು ಸಲ ಎಲೆಅಡಿಕೆ ಜಗಿಯುವಷ್ಟು ಹೊತ್ತು. ಅಷ್ಟರಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯ ಹಿರಿಯರು ಒಮ್ಮೆ ಕೆಮ್ಮಿ, ಒಳಗಿದ್ದವರು ಏಳಲಿ ಎಂದು ಸೂಚನೆ ಕೊಟ್ಟು ಬಾಗಿಲು ತೆಗೆಯುತ್ತಾರೆ. ಎಡೆಯ ಅನ್ನವನ್ನು ಚೆಲ್ಲುವಂತಿಲ್ಲ. ಮನೆಯವರೇ ಉಣ್ಣಬೇಕು.

ಪುಟ್ಟಸ್ವಾಮಿಗೆ ವರ್ಷ ತುಂಬಿದ ಮೇಲೆ ಬಂದ ಮೊದಲ ಹಬ್ಬದಲ್ಲಿ ಅವ್ವ ಮುಚ್ಚಿದ ಬಾಗಿಲನ್ನು ತೆಗೆಯಲೇ ಇಲ್ಲ. ಜಗುಲಿಯ ಮೇಲೆ ಕೂತೇ ಇದ್ದಳು. ಎಲೆಅಡಿಕೆ ಜಗಿದದ್ದಾಯಿತು, ಇನ್ನೊಂದು ಹಾಕಿಕೊಂಡದ್ದೂ ಆಯಿತು. ಮಕ್ಕಳು ಹಸಿವೆಂದು ನನ್ನ ಹೆಂಡತಿಯ ಸೆರಗು ಎಳೆದವು. ಊರಿಂದ ಬಂದಿದ್ದ ಚಿಕ್ಕಪ್ಪ ನಗುತ್ತ ಹೇಳಿದರು:

"ಏನತ್ಗೆ, ಎಲ್ಲ ಉಂಡು ಕೈ ತೊಳ್ಕಂಡು ಮಲಗವ್ರೆ ಒಳಗೆ. ತಗೀರಿ ಬಾಗ್ಲಾ!"

"ನಿಮ್ಮಣ್ಣ ಊರ ಹೊಲದಲ್ಲಿರೋರು, ಬಂದಿರ್ತಾರೆ ಬುಡು. ಮಗ ಸೀಮೆಯಿಂದ ಬರ್ಬೇಕಲ್ಲಪ್ಪ. ಅವನಿನ್ನೂ ಸಮುದ್ರದ ಮ್ಯಾಲಿರುವಾಗ ನಾವು ಬಾಗ್ಲು ತಗದ್ಬುಟ್ರೆ, ಬಂದ ಮಗ ಎಲ್ಲಿ ಕೂತು ಉಂಡಾನು?"

"ಅಂಗಾರೆ ನಾಳೆಗಂಟ ಕಾಯನಾ?"

"ಎಷ್ಟೊತ್ತು ಅಂತ ಗೊತ್ತಿದ್ರೆ ಕಾಯ್ಬೋದಾಗಿತ್ತು."

ಚಿಕ್ಕಪ್ಪ ಮತ್ತೆ ನಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವ ತಾನೇ ಎದ್ದು ಕೆಮ್ಮಿ ಬಾಗಿಲು ತೆಗೆದಳು. ಅನ್ನ ಒಣಗಿ ಕಾಳುಕಾಳಾಗಿತ್ತು. ಮಗ ದಾರಿಯಲ್ಲಿದ್ದಾಗಲೇ ಬಾಗಿಲು ತೆಗೆದುಬಿಟ್ಟೆ ಎಂಬ ಕೊರಗು ಅವಳನ್ನು ವರ್ಷವೆಲ್ಲ ಬಿಡಲಿಲ್ಲ. ರೊಟ್ಟಿ ತಟ್ಟುತ್ತ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಿದ್ದಳು. ಏನನ್ನು ನೆನೆಯುತ್ತಿದ್ದಾಳೆ ಎಂದು ಕೇಳುವ ಅಗತ್ಯ ನಮಗಿರಲಿಲ್ಲ.

ಹೀಗಿರುವಾಗ ಲಂಡನ್ನಿನಲ್ಲಿ ನಮ್ಮ ಕಡೆಯ ಕೈಕೆಲಸಗಳ ಪ್ರದರ್ಶನ ಆಗುತ್ತದೆಂದೂ, ಜನರ ಎದುರಿಗೆ ಕೂತು ಊದುಬತ್ತಿ ಹೊಸೆದು ತೋರಿಸುವವರು ಬೇಕೆಂದೂ ಸರ್ಕಾರದವರು ಕೇಳಿಕೊಂಡು ಬಂದರು. ಅದುವರೆಗೆ ಬೆಂಗಳೂರು ದಾಟದ ನಾನು ಒಪ್ಪಿಕೊಂಡೆ. ಎಲ್ಲರೂ ನನ್ನ ಧೈರ್ಯ ಹೊಗಳಿದರು. ನಾನು ಹೊರಟದ್ದು ತಮ್ಮನಿಗೆ ಹಬ್ಬಕ್ಕೆ ಬಾ ಎಂದು ಹೇಳಲು, ಅವ್ವನಿಗೆ ಹೊತ್ತು ಎಷ್ಟೆಂದು ತಿಳಿದು ಬರಲು.

ಬೊಂಬಾಯಿ

ನನ್ನ ಜೊತೆಗೆ ಹೊರಟವರು ಮಂಡಿ ಮೊಹಲ್ಲಾದ ಬಾಷಾ ಸಾಹೇಬರು. ಬೀಟೆ ಮರದ ಹಲಗೆಯಲ್ಲಿ ದಂತದ ಚೂರು ಕೂರಿಸಿ ಆನೆ, ಜಿಂಕೆ ಬಿಡಿಸುವವರು. ಅರವತ್ತರ ಹತ್ತಿರದ ವಯಸ್ಸು. ಬಾಯಿ ಸುಮ್ಮನಿರುವ ಜಾತಿಯಲ್ಲ. ನಾನು ಮಾತು ಕಡಿಮೆಯವನಾದ್ದರಿಂದ ಇಬ್ಬರಿಗೂ ಸರಿಹೋಯಿತು.

ವಿಮಾನ ನಿಲ್ದಾಣದ ಸುಂಕದವರು ನನ್ನ ಪೆಟ್ಟಿಗೆ ಬಿಚ್ಚಿಸಿದರು. ಊದುಬತ್ತಿಗೆ ಬೇಕಾದ ಇದ್ದಿಲ ಪುಡಿ, ಅಂಟಿಗೆ ಹಾಕುವ ಜಿಗಟು, ಗಂಧದ ಪುಡಿ ಬೇರೆ ಬೇರೆ ಡಬ್ಬಿಯಲ್ಲಿದ್ದವು. ಕರಿಯ ಪುಡಿ ನೋಡಿ ಒಬ್ಬರು ಇನ್ನೊಬ್ಬರನ್ನು ಕರೆದರು. ಇನ್ನೊಬ್ಬರು ದೊಡ್ಡವರನ್ನು ಕರೆದರು. ಮೂವರೂ ಡಬ್ಬಿಯಿಂದ ಒಂದು ಮಾರು ದೂರ ನಿಂತರು.

"ಸಿಡಿಮದ್ದಲ್ಲ ಸ್ವಾಮಿ," ಎಂದರು ಬಾಷಾ ಸಾಹೇಬರು ತಮಗೆ ಬಂದ ಹಿಂದೂಸ್ತಾನಿಯಲ್ಲಿ. "ಈ ಗೌಡ್ರು ದೀಪಾವಳಿ ಪಟಾಕಿಗೇ ಕಿವಿ ಮುಚ್ಕೊಳೋರು."

ನಾನು ಅಲ್ಲೇ ಬೆಂಚಿನ ಮೇಲೆ ಒಂದು ಚಿಟಿಕೆ ಪುಡಿ ಕಲಸಿ, ಕಡ್ಡಿಗೆ ಒಂದು ಬತ್ತಿ ಹೊಸೆದು ಕೊಟ್ಟೆ. ದೊಡ್ಡವರು ಮೂಸಿ ನೋಡಿ, "ನಮ್ಮ ಮನೆಯ ದೇವರ ಕೋಣೆಯ ವಾಸನೆ," ಎಂದು ಅದನ್ನು ಜೇಬಿಗೆ ಹಾಕಿಕೊಂಡು ನಮ್ಮನ್ನು ಬಿಟ್ಟರು. ಒಣಗದ ಬತ್ತಿ ಅವರ ಬಿಳಿ ಅಂಗಿಗೆ ಏನು ಮಾಡಿತೋ ತಿಳಿಯದು. ಅಷ್ಟರಲ್ಲಿ ನಾವು ವಿಮಾನದ ಮೆಟ್ಟಿಲ ಮೇಲಿದ್ದೆವು.

ಆಕಾಶದಲ್ಲಿ

ವಿಮಾನ ಮೇಲೆದ್ದಾಗ ಭಯಕ್ಕಿಂತ ಹೆಚ್ಚಾಗಿ ಕಿವಿ ನೋಯಿತು. ನಾಲ್ಕು ಪ್ರೊಪೆಲ್ಲರುಗಳ ಸದ್ದು ಹಿಟ್ಟಿನ ಗಿರಣಿಯ ಒಳಗೆ ಕೂತ ಹಾಗಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದೇ ಮೌನವಾಯಿತು. ಕೆಳಗೆ ಸಮುದ್ರ ಕಂಡಿತು. ಅಲೆಗಳು ನಿಂತುಬಿಟ್ಟಿದ್ದವು. ನನ್ನ ತಮ್ಮ ಹೋಗುವಾಗ ನೋಡಿದ್ದು ಇದನ್ನೇ ಎಂದುಕೊಂಡೆ. "ವಿಮಾನದಿಂದ ಸಮುದ್ರ ನೋಡಿದರೆ ಆರಿದ ಸಾರಿನ ಮೇಲಿನ ಕೆನೆ ಹಾಗೆ," ಎಂದು ಅವನು ಬರೆದಿದ್ದ. ಆಗ ನಾವು ನಕ್ಕಿದ್ದೆವು. ಈಗ ನೋಡಿದರೆ ಹಾಗೆಯೇ ಇತ್ತು.

ಏರ್ ಹೋಸ್ಟೆಸ್ ಹುಡುಗಿಯನ್ನು, ಬೊಂಬಾಯಿಯಿಂದ ಲಂಡನ್ನಿಗೆ ಎಷ್ಟು ದೂರ ಎಂದು ಕೇಳಿದೆ. ಆಗಾಗ ಕಪ್ತಾನರು ಒಂದು ಚೀಟಿ ಬರೆದು ಕಳಿಸುತ್ತಾರೆ, ಅದರಲ್ಲಿ ಎಲ್ಲ ಇರುತ್ತದೆ ಎಂದಳು. ಚೀಟಿ ಕೈಯಿಂದ ಕೈಗೆ ದಾಟುತ್ತ ಬಂತು. ಎಷ್ಟು ಎತ್ತರ, ಎಷ್ಟು ವೇಗ, ಕೈರೋ ತಲುಪುವುದು ಯಾವಾಗ, ಎಲ್ಲ ಇತ್ತು. ಕೈರೋ, ಜಿನೀವಾ ಎರಡೂ ಕಡೆ ಇಳಿದು ಹೋಗುವುದರಿಂದ ಒಟ್ಟು ಐದು ಸಾವಿರ ಮೈಲಿಗೆ ಹತ್ತಿರ, ನೇರವಾಗಿ ಹಾರಿದರೆ ನಾಲ್ಕೂವರೆ ಸಾವಿರ ಎಂದು ಅವಳು ವಿವರಿಸಿದಳು. ನಾನು ಅವ್ವನಿಗೆ ಯಾವುದನ್ನು ಹೇಳಬೇಕೆಂದು ಯೋಚಿಸಿದೆ. ತಮ್ಮ ಬರುವುದಾದರೆ ಕೈರೋದಲ್ಲಿ ಇಳಿಯುವ ಕೆಲಸ ಅವನಿಗೇನಿದೆ?

ಆಚೆ ಸಾಲಿನಲ್ಲಿ ಒಬ್ಬ ಮುದುಕಿ ಇಂಗ್ಲಿಷ್ ಹೆಂಗಸು ಹತ್ತಿದಾಗಿನಿಂದ ಸ್ವೆಟರ್ ಹೆಣೆಯುತ್ತಿದ್ದಳು. ನಮ್ಮ ಮಾತು ಕೇಳಿಸಿಕೊಂಡು, "ನನ್ನ ಲೆಕ್ಕದಲ್ಲಿ ಬೊಂಬಾಯಿಯಿಂದ ಲಂಡನ್ನಿಗೆ ಎರಡು ತೋಳು, ಒಂದು ಕುತ್ತಿಗೆ ಪಟ್ಟಿ," ಎಂದಳು. ಅವಳ ಮಗಳು ಪುಣೆಯಲ್ಲಿದ್ದಳಂತೆ. ಪ್ರತಿ ಸಲ ಬೆನ್ನೂ ಎದೆಯೂ ಮಗಳ ಮನೆಯಲ್ಲಿ ಮುಗಿಸಿ, ಉಳಿದದ್ದನ್ನು ವಿಮಾನದಲ್ಲಿ ಹೆಣೆಯುತ್ತಾಳೆ. ನಮ್ಮ ಹೆಂಗಸರು ದೂರವನ್ನು ಎಲೆಅಡಿಕೆಯಲ್ಲಿ ಅಳೆದರೆ ಇವರು ಉಲ್ಲನ್ನಿನಲ್ಲಿ ಅಳೆಯುತ್ತಾರೆ.

ಬಾಷಾ ಸಾಹೇಬರಿಗೆ ಬೇರೆಯದೇ ತಾಪತ್ರಯ. ನಮಾಜಿನ ಹೊತ್ತಾಯಿತು, ಮಕ್ಕಾ ಯಾವ ದಿಕ್ಕಿಗಿದೆ? ಹೋಸ್ಟೆಸ್ ಹುಡುಗಿ ಹೋಗಿ ಕಪ್ತಾನರನ್ನೇ ಕೇಳಿಕೊಂಡು ಬಂದಳು. ಮೂಗಿನ ನೇರಕ್ಕೆ ಎಂದಳು. ಸಾಹೇಬರು ಕೂತಲ್ಲೇ ಮುಗಿಸಿದರು. ಕೈರೋದಲ್ಲಿ ಇಳಿದು ಕಾಲು ಚಾಚುವಾಗ ಮತ್ತೆ ಯಾರನ್ನೋ ಕೇಳಿದರು. ಆತ ನಾವು ಬಂದ ದಿಕ್ಕಿಗೆ ಕೈ ತೋರಿಸಿದ.

"ನೋಡಿದ್ರಾ ಗೌಡ್ರೇ," ಎಂದರು ಸಾಹೇಬರು. "ಹುಟ್ಟಿದಾಗಿಂದ ಸಂಜೆ ಸೂರ್ಯನ ಕಡೆಗೆ ಮುಖ ಮಾಡ್ತಿದ್ದೋನು ನಾನು. ಒಂದು ಹಗಲಿನಲ್ಲಿ ಅದು ಬೆನ್ನ ಹಿಂದಕ್ಕೆ ಹೋಗ್ಬುಡ್ತು ಕಣ್ರೀ!"

ಅವರಿಗೆ ಅದು ತಮಾಷೆಯಾಗಿ ಕಂಡಿತು. ನನಗೆ ಯೋಚನೆ ಹತ್ತಿತು. ಮುಂದೆ ಇದೆ ಅಂದುಕೊಂಡದ್ದು ದಾಟಿ ಹಿಂದಕ್ಕೆ ಹೋಗುವುದನ್ನು ನಾನು ತಮ್ಮನ ವಿಷಯದಲ್ಲಿ ನೋಡಿದ್ದೆ. ಅದಕ್ಕೆ ವಿಮಾನವೇ ಬೇಕಾಗಿಲ್ಲ.

ಲಂಡನ್

ಬೊಂಬಾಯಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು ಲಂಡನ್ನಿನಲ್ಲಿ ಬೆಳಗಿನ ಐದೂವರೆಗೆ ಇಳಿದೆವು. ಅಲ್ಲಿನ ಗಡಿಯಾರ ನಂಬಿದರೆ ಹದಿನೇಳೂವರೆ ಗಂಟೆ. ಆದರೆ ನಾನು ನನ್ನ ಕೈಗಡಿಯಾರವನ್ನು ಮುಟ್ಟಿರಲಿಲ್ಲ. ಅದರಲ್ಲಿ ಹತ್ತು ಗಂಟೆ. ಎಂದರೆ ಇಪ್ಪತ್ತೆರಡು ಗಂಟೆ ಕೂತಿದ್ದೇವೆ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಪ್ರದರ್ಶನದ ಅಧಿಕಾರಿ ಬೆಂಗಳೂರಿನವರು. ಅವರನ್ನು ಕೇಳಿದೆ.

"ಬರುವಾಗ ಸೂರ್ಯನ ಜೊತೆಜೊತೆಗೇ ಬಂದಿದ್ದೀರಿ, ಅದಕ್ಕೇ ಹೊತ್ತು ಉಳಿದಿದೆ. ಹೋಗುವಾಗ ಅವನಿಗೆ ಎದುರಾಗಿ ಹೋಗ್ತೀರಿ, ಉಳಿದದ್ದೆಲ್ಲ ವಾಪಸ್ ಕೊಡಬೇಕು," ಎಂದರು. "ಅಲ್ಲಾ ಮರೀಗೌಡ್ರೇ, ಮೊದಲ ಸಲ ಲಂಡನ್ನಿಗೆ ಬಂದೋರು ಸೇತುವೆ ನೋಡ್ಬೇಕು, ಅರಮನೆ ನೋಡ್ಬೇಕು ಅಂತಾರೆ. ನೀವೇನು ಇಳಿದ ಕೂಡಲೇ ವಾಪಸ್ ಹೋಗೋ ಲೆಕ್ಕ ಕೇಳ್ತೀರಲ್ಲ?"

ನಾನು ನಕ್ಕು ಪೆಟ್ಟಿಗೆ ಎತ್ತಿಕೊಂಡೆ.

ಅಲ್ಲಿನ ಜನ ಸಾಲು ನಿಲ್ಲುವುದನ್ನು ಹೇಳಲೇಬೇಕು. ಬಸ್ಸಿಗೆ ಒಬ್ಬನೇ ಬಂದರೂ ಅವನು ಸಾಲಿನಂತೆಯೇ ನಿಲ್ಲುತ್ತಾನೆ. ನೆಲದಡಿಯ ರೈಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮೊದಲು ಇದು ಬಿರುಸಾಗಿ ಕಂಡಿತು. ಆಮೇಲೆ, ನಮ್ಮ ಊರಿನ ಬಸ್ಸಿನಲ್ಲಾದರೆ ಇಷ್ಟರಲ್ಲಿ ಯಾರಾದರೂ ಎಲ್ಲಿಗೆ, ಯಾಕೆ, ತಮ್ಮನಿಗೆ ಏನಾಗಿತ್ತು ಎಂದು ಕೇಳಿಬಿಟ್ಟಿರುತ್ತಿದ್ದರು ಎಂದು ನೆನೆದು, ಇದೂ ಒಂದು ದಯೆಯೇ ಅನ್ನಿಸಿತು.

ಪ್ರದರ್ಶನದಲ್ಲಿ ಮೊದಲ ದಿನವೇ ಎಡವಟ್ಟಾಯಿತು. ಬೆಂಕಿ ಆರಿಸುವ ಇಲಾಖೆಯವರು ಬಂದು, ಕಟ್ಟಡದ ಒಳಗೆ ಏನನ್ನೂ ಹಚ್ಚುವ ಹಾಗಿಲ್ಲ ಎಂದರು. ಊದುಬತ್ತಿ ಹೊಸೆಯಬಹುದು, ಹಚ್ಚಬಾರದು. ಮೂರು ವಾರ ನಾನು ಹಚ್ಚದ ಬತ್ತಿಗಳನ್ನು ರಾಶಿ ಹಾಕುತ್ತ ಕೂತೆ. ಬಂದವರು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, "ಇದರಿಂದ ಏನು ಮಾಡುತ್ತಾರೆ?" ಎನ್ನುತ್ತಿದ್ದರು. ಒಬ್ಬಾಕೆ ತುದಿಯನ್ನು ಕಚ್ಚಿಯೇಬಿಟ್ಟಳು. ಸಾಹೇಬರು ಪಕ್ಕದ ಮಳಿಗೆಯಿಂದ, "ಉಪ್ಪು ಖಾರ ಸರಿಯಾಗಿದ್ಯಾ ಕೇಳಿ ಗೌಡ್ರೇ," ಎಂದು ಕೂಗಿದರು.

ಮಿಸೆಸ್ ಪಾರ್ಕರ್ ಮನೆ

ನನ್ನ ತಮ್ಮ ಬಾಡಿಗೆಗಿದ್ದ ಮನೆ ಊರಿನ ಹೊರಗೆ, ರೈಲಿನಲ್ಲಿ ಒಂದು ಗಂಟೆಯ ದಾರಿ. ಭಾನುವಾರ ನಾನೊಬ್ಬನೇ ಹೋದೆ. ಮನೆಯೊಡತಿ ಮಿಸೆಸ್ ಪಾರ್ಕರ್ ಬಾಗಿಲು ತೆಗೆದವರು ನನ್ನನ್ನು ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾವು ಅಣ್ಣತಮ್ಮಂದಿರು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದೇವೆ ಎಂದು ಊರಿನವರು ಹೇಳುತ್ತಿದ್ದರು. ನಾನು ನಂಬಿರಲಿಲ್ಲ.

ಅವರು ಟೀ ಮಾಡಿಕೊಟ್ಟರು. ನನ್ನ ಇಂಗ್ಲಿಷು ಸಾಲದು. ಅವರು ನಿಧಾನವಾಗಿ ಮಾತಾಡಿದರು.

"ಸ್ವಾಮಿ ದಿನಾ ಬೆಳಿಗ್ಗೆ ಈ ಕುರ್ಚಿಯಲ್ಲಿ ಕೂರುತ್ತಿದ್ದ. ಗೋಡೆಯ ಗಡಿಯಾರ ನೋಡಿ ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತಿದ್ದ. 'ಈಗ ನಮ್ಮ ತಾಯಿ ಮುದ್ದೆ ಕಟ್ಟುತ್ತಿದ್ದಾಳೆ' ಎನ್ನುತ್ತಿದ್ದ. ಮುದ್ದೆ ಎಂದರೇನು?"

ನಾನು ಎರಡು ಕೈ ಸೇರಿಸಿ ಉಂಡೆ ಮಾಡಿ ತೋರಿಸಿದೆ. ಅವರು ತಲೆಯಾಡಿಸಿದರು.

"ಹೌದು, ಅವನೂ ಹೀಗೇ ತೋರಿಸುತ್ತಿದ್ದ. ಈಗ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ದೇವೆ, ಕೂಡಿಸಬೇಕಾದ್ದು ನಾಲ್ಕೂವರೆ. ಆದರೂ ನಾನು ಬೆಳಗಿನ ರೊಟ್ಟಿಗೆ ಬೆಣ್ಣೆ ಹಚ್ಚುವಾಗ ಐದೂವರೆಯನ್ನೇ ಕೂಡಿಸಿಬಿಡುತ್ತೇನೆ. ಬಿಡಲಾಗದ ಅಭ್ಯಾಸ."

ಪಡಸಾಲೆಯ ಗೂಟದಿಂದ ಅವರು ಒಂದು ಕೋಟು ತಂದರು. ಕಂದು ಬಣ್ಣದ ದಪ್ಪ ಕೋಟು. ಉಳಿದ ಸಾಮಾನೆಲ್ಲ ಆಗಲೇ ಮೈಸೂರಿಗೆ ಬಂದಿತ್ತು. ಇದು ಒಗೆಯಲು ಹಾಕಿದ್ದ ಕಡೆ ಉಳಿದು, ತಡವಾಗಿ ಅವರ ಕೈ ಸೇರಿತ್ತಂತೆ. "ಅವನು ಯಾವಾಗಲೂ ಗುಂಡಿ ಹಾಕಿಕೊಳ್ಳದೆ ಹೋಗುತ್ತಿದ್ದ. ನಾನು ದಿನಾ ಗದರುತ್ತಿದ್ದೆ," ಎಂದರು.

ಅವ್ವನೂ ಅದನ್ನೇ ಗದರುತ್ತಿದ್ದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ, "ಮೈ ಮದರ್" ಎಂದು ಕೋಟನ್ನು ಮಡಿಲಿಗೆ ಎಳೆದುಕೊಂಡೆ. ಅವರು ಎದ್ದು ಹೋಗಿ ಕೆಟಲಿಗೆ ಮತ್ತೆ ನೀರು ತುಂಬಿದರು. ಅದರಲ್ಲಿ ನೀರು ಇನ್ನೂ ಇತ್ತು.

ಇಬ್ಬರೂ ಸ್ಮಶಾನಕ್ಕೆ ನಡೆದು ಹೋದೆವು. ದಾರಿಯಲ್ಲಿ ನಾನು ಬಂದ ಕಾರಣ ಹೇಳಿದೆ. ಎಡೆ, ಮುಚ್ಚಿದ ಬಾಗಿಲು, ಅವ್ವನ ಪ್ರಶ್ನೆ ಎಲ್ಲ. ಅವರು ನಗುತ್ತಾರೇನೋ ಎಂದುಕೊಂಡಿದ್ದೆ. ನಗಲಿಲ್ಲ.

"ನೀವು ಮುಚ್ಚುತ್ತೀರಾ?" ಎಂದರು. "ನನ್ನ ಗಂಡ ಯುದ್ಧದಲ್ಲಿ ಹಡಗಿನ ಜೊತೆ ಮುಳುಗಿದ. ನಾನು ಎಷ್ಟೋ ಕಾಲ ಬಾಗಿಲಿಗೆ ಬೀಗ ಹಾಕಲಿಲ್ಲ. ಬಂದರೆ ತಳ್ಳಿಕೊಂಡು ಒಳಗೆ ಬರಲಿ ಅಂತ. ಒಂದು ದಿನ ಪಕ್ಕದ ಮನೆಯ ನಾಯಿ ಬಂದು ಮಾಂಸ ತಿಂದುಕೊಂಡು ಹೋಯಿತು. ಆವತ್ತಿನಿಂದ ಬೀಗ ಹಾಕುತ್ತಿದ್ದೇನೆ."

ಹೇಳಿದವರೇ ನಕ್ಕರು. ನಾನೂ ನಕ್ಕೆ. ಆ ದೇಶದಲ್ಲಿ ನಾನು ಮನಸ್ಸು ಬಿಟ್ಟು ನಕ್ಕದ್ದು ಅದೇ ಮೊದಲು.

ಹುಲ್ಲಿನ ನಡುವೆ ಸಾಲು ಸಾಲು ಕಲ್ಲುಗಳು. ಪುಟ್ಟಸ್ವಾಮಿಯದು ಒಂದು ಸಣ್ಣ ಮರದ ಫಲಕ, ಹೆಸರು ಸರಿಯಾಗಿಯೇ ಬರೆದಿದ್ದರು. ತುಂತುರು ಮಳೆ. ಜೊತೆಗೆ ತಂದಿದ್ದ ಊದುಬತ್ತಿ ನೆಟ್ಟು, ಅಂಗೈ ಮುಚ್ಚಿ ಬೆಂಕಿಕಡ್ಡಿ ಗೀರಿದೆ, ಆರಿತು. ಮಿಸೆಸ್ ಪಾರ್ಕರ್ ಛತ್ರಿಯನ್ನು ನನ್ನ ತಲೆಯಿಂದ ತೆಗೆದು ನೆಲಕ್ಕೆ ಬಾಗಿಸಿ ಹಿಡಿದರು. ಬತ್ತಿ ಹತ್ತಿಕೊಂಡಿತು. ನಾನು ಹೊಸೆದ ಬತ್ತಿ ಆ ದೇಶದಲ್ಲಿ ಉರಿದದ್ದು ಅದೊಂದೇ. ಹೊಗೆ ನೆಟ್ಟಗೆ ಏಳದೆ ಹುಲ್ಲಿನ ಮೇಲೆಯೇ ಹರಿಯಿತು.

ಛತ್ರಿಯ ಹಿಡಿಯನ್ನು ನನ್ನ ಕೈಗೆ ಕೊಟ್ಟು ಅವರು ದೂರ ಹೋಗಿ ಬೇರೆ ಯಾರದೋ ಕಲ್ಲನ್ನು ಓದುತ್ತ ನಿಂತರು. ನಾನು ಕುಕ್ಕರಗಾಲಲ್ಲಿ ಕೂತು ಹೇಳಿದೆ:

"ಪುಟ್ಟಸ್ವಾಮಿ, ಅವ್ವ ಹಬ್ಬಕ್ಕೆ ಕರ್ದವ್ಳೆ. ಬಾರಪ್ಪ."

ಇನ್ನೂ ಬಹಳ ಹೇಳಬೇಕೆಂದು ಮೂರು ವರ್ಷದಿಂದ ಇಟ್ಟುಕೊಂಡಿದ್ದೆ. ಆದರೆ ಹಬ್ಬಕ್ಕೆ ಕರೆಯಲು ಹೋದವನು ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಬತ್ತಿ ಮುಗಿಯುವವರೆಗೆ ಕೂತಿದ್ದು ಎದ್ದೆ.

ತಿರುಗಿ ಬರುವ ದಾರಿ

ಹೊರಡುವ ಹಿಂದಿನ ದಿನ ಯಾರೋ ಧನಿಕರು ಬಾಷಾ ಸಾಹೇಬರ ಕೆಲಸ ಮೆಚ್ಚಿ, ಒಂದು ಮೇಜಿನ ಹಲಗೆ ಅಲ್ಲೇ ಕೂತು ಮಾಡಿಕೊಡಿ ಎಂದರು. ಅಧಿಕಾರಿಗಳು ಒಪ್ಪಿದರು. ಸಾಹೇಬರು ಉಳಿದರು.

"ಒಬ್ರೇ ಹೋಗ್ತೀರಾ ಗೌಡ್ರೇ? ನನ್ನ ಜಾಗ ಖಾಲಿ ಹೋಗ್ತದಲ್ಲ," ಎಂದು ಪೇಚಾಡಿದರು.

ಖಾಲಿಯೇ ಹೋಯಿತು. ಕಿಟಕಿಯ ಪಕ್ಕದ ಆ ಸೀಟಿನ ಮೇಲೆ ನಾನು ಕೋಟು ಇಟ್ಟೆ. ಮಡಿಸಿದರೆ ಸುಕ್ಕಾದೀತೆಂದು ಬೆನ್ನಿಗೆ ಒರಗಿಸಿ, ತೋಳುಗಳನ್ನು ಸೀಟಿನ ಕೈಗಳ ಮೇಲೆ ಬಿಟ್ಟೆ. ಬೇಕೆಂದೇ ಮಾಡಿದ್ದಲ್ಲ. ಕೋಟು ತಾನಾಗಿಯೇ ಹಾಗೆ ಕೂತಿತು.

ಜಿನೀವಾ ದಾಟಿ ಸಮುದ್ರದ ಮೇಲೆ ಬರುವಾಗ ಇಳಿಬಿಸಿಲು. ಊಟ ಹಂಚುವ ಹೋಸ್ಟೆಸ್ ಬೇರೆಯವಳು, ವಯಸ್ಸಿನಲ್ಲಿ ಇನ್ನೂ ಚಿಕ್ಕವಳು. ಅವಳ ಕೈಯಲ್ಲಿದ್ದ ಪ್ರಯಾಣಿಕರ ಪಟ್ಟಿಯಲ್ಲಿ ಸಾಹೇಬರ ಹೆಸರು ಹಾಗೇ ಇದ್ದಿರಬೇಕು. ನನ್ನ ಮುಂದೆ ಒಂದು ತಟ್ಟೆ ಇಟ್ಟು, ಕೋಟಿನ ಕಡೆ ನೋಡಿ, "ನಿಮ್ಮ ಜೊತೆಯವರು ಈಗ ಬರುತ್ತಾರಲ್ಲವೆ?" ಎಂದಳು.

ಎದ್ದು ಕೈ ತೊಳೆಯಲು ಹೋಗಿದ್ದಾರೆಂದು ಅವಳು ತಿಳಿದಿದ್ದಳು. ಇಲ್ಲ ಎನ್ನಲು ಬಾಯಿ ತೆರೆದೆ.

"ಬರ್ತಾನೆ," ಎಂದೆ. ಕನ್ನಡದಲ್ಲೇ ಅಂದೆ. ಮಾತು ಅವಳಿಗೆ ತಿಳಿಯದಿದ್ದರೂ ನಾನು ತಲೆಯಾಡಿಸಿದ್ದು ತಿಳಿಯಿತು. ಕೋಟಿನ ಮುಂದೆ ಇನ್ನೊಂದು ತಟ್ಟೆ ಇಟ್ಟು ಹೋದಳು.

ಕೋಳಿಯ ತೊಡೆ, ಬ್ರೆಡ್ಡು, ಬೆಣ್ಣೆ, ಹಳದಿಯ ಒಂದು ಸಿಹಿ. ಕೋಳಿ ತಮ್ಮನಿಗೆ ಪ್ರಾಣ. ತಟ್ಟೆಯಿಂದ ಆವಿ ಏಳುತ್ತಿತ್ತು. ಬಟ್ಟೆ ಇತ್ತು, ಬಡಿಸಿದ ಊಟ ಇತ್ತು. ಜೇಬಿನಲ್ಲಿ ಹಚ್ಚದ ಬತ್ತಿಯೊಂದಿತ್ತು, ಅದನ್ನು ತಟ್ಟೆಯ ಪಕ್ಕಕ್ಕೆ ಇಟ್ಟೆ. ಮುಚ್ಚಲು ಬಾಗಿಲು ಮಾತ್ರ ಇರಲಿಲ್ಲ. ನಾನು ಕಣ್ಣು ಮುಚ್ಚಿದೆ.

ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು. ಬಾಯಲ್ಲಿ ಎಲೆಅಡಿಕೆ ಇಲ್ಲದೆ ಆ ಹೊತ್ತನ್ನು ಅಳೆಯುವುದು ಸುಲಭವಲ್ಲ. ಸುಣ್ಣ ಸವರಿದೆ, ಎಲೆ ಮಡಿಸಿದೆ, ಅಡಿಕೆ ಮುರಿದೆ, ಎಲ್ಲ ಮನಸ್ಸಿನಲ್ಲೇ. ಪ್ರೊಪೆಲ್ಲರುಗಳ ಸದ್ದು ಒಂದೇ ಸಮನೆ ಇತ್ತು. ಏನನ್ನೂ ಕಂಡೆನೆಂದು ಹೇಳಲಾರೆ, ಏನನ್ನೂ ಕೇಳಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಭುಜಗಳು ಸಡಿಲವಾದವು, ಅಷ್ಟು ಬಲ್ಲೆ. ಆಮೇಲೆ ಮೆಲ್ಲಗೆ ಕೆಮ್ಮಿ ಕಣ್ಣು ತೆರೆದೆ.

ನನ್ನ ತಟ್ಟೆ ಮುಗಿಸಿದೆ. ಎಡೆಯ ಅನ್ನವನ್ನು ಮನೆಯವರೇ ಉಣ್ಣಬೇಕಲ್ಲ. ಆ ತಟ್ಟೆಯನ್ನೂ ಎಳೆದುಕೊಂಡು ಉಂಡೆ, ಹಳದಿಯ ಸಿಹಿ ಸಮೇತ. ತಟ್ಟೆ ತೆಗೆಯಲು ಬಂದ ಹುಡುಗಿ ಎರಡೂ ಬರಿದಾಗಿ, ಎರಡೂ ನನ್ನ ಮುಂದಿರುವುದನ್ನು ನೋಡಿದಳು. ಖಾಲಿ ಸೀಟನ್ನು ನೋಡಿದಳು. ಹೋಗಿ ನನಗೆ ಇನ್ನೆರಡು ಬ್ರೆಡ್ಡು ತಂದುಕೊಟ್ಟಳು. ಪಾಪ, ಎಷ್ಟು ಹಸಿದ ಮನುಷ್ಯ ಎಂದುಕೊಂಡಿರಬೇಕು.

ಕೈರೋದಲ್ಲಿ ಇಳಿದಾಗ ಕೋಟನ್ನೂ ತೋಳಿನ ಮೇಲೆ ಹಾಕಿಕೊಂಡು ಇಳಿದೆ. ಕಾವಲಿನವನು ನನ್ನನ್ನೂ ಆ ಸೆಕೆಯಲ್ಲಿ ಆ ಕೋಟನ್ನೂ ನೋಡಿ ನಕ್ಕ. ಬೊಂಬಾಯಿಯಲ್ಲಿ ಸುಂಕದವರು ಜೇಬುಗಳನ್ನೆಲ್ಲ ತಡಕಿದರು. ಒಳಗೆ ಏನೂ ಇರಲಿಲ್ಲ.

ಮನೆ

ರೈಲು ಇಳಿದು ಮನೆಗೆ ಬಂದ ವಾರಕ್ಕೆ ಅಮಾವಾಸ್ಯೆ. ಅಷ್ಟು ದಿನ ಅವ್ವ ಹೊತ್ತಿನ ಮಾತು ಎತ್ತಲಿಲ್ಲ. ನಾನೂ ಹೇಳಲಿಲ್ಲ. ನನ್ನಲ್ಲಿ ಲೆಕ್ಕಗಳು ಇದ್ದವು, ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಹೋಗುವಾಗ ಹದಿನೇಳೂವರೆ ಗಂಟೆ, ಬರುವಾಗ ಇಪ್ಪತ್ತಾರೂವರೆ, ಕೈಗಡಿಯಾರದಲ್ಲಿ ಎರಡು ಸಲವೂ ಇಪ್ಪತ್ತೆರಡು. ಎರಡು ತೋಳು, ಒಂದು ಕುತ್ತಿಗೆ ಪಟ್ಟಿ. ಇವುಗಳಲ್ಲಿ ಅತಿ ಕಡಿಮೆಯದನ್ನು ಹೇಳಿದರೂ ಅವ್ವ ಹಗಲಿರುಳು ಜಗುಲಿಯ ಮೇಲೆ ಕೂರುವವಳೇ.

ಹಬ್ಬದ ದಿನ ಚಿಕ್ಕಪ್ಪ ಬೆಳಿಗ್ಗೆಯೇ ಬಂದರು. ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದು, "ಮಕ್ಕಳಿಗೆ ಮೊದ್ಲೇ ಒಂದಿಷ್ಟು ತಿನ್ನಿಸ್ಬುಡ್ಲಾ ಮಗ, ಈ ಸಲ ಏನಾಗ್ತದೋ," ಎಂದರು.

ಎಲೆ ಹಾಸಿದೆವು. ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ. ಅಪ್ಪನ ಎಲೆಯ ಮುಂದೆ ಹೊಸ ಪಂಚೆ. ತಮ್ಮನ ಎಲೆಯ ಮುಂದೆ ನಾನು ಕೋಟು ಇಟ್ಟೆ. ಅವ್ವ ಕೂತು ಅದನ್ನು ಮುಟ್ಟಿದಳು. ಕಾಲರು ಹಿಡಿದು ದಪ್ಪ ನೋಡಿದಳು. ಆಮೇಲೆ ಒಂದೊಂದಾಗಿ ಗುಂಡಿಗಳನ್ನೆಲ್ಲ ಹಾಕಿದಳು.

ಧೂಪ ಹಾಕಿದ್ದಾಯಿತು. ಎಲ್ಲರೂ ಹೊರಗೆ ಬಂದೆವು. ಬಾಗಿಲಿನ ಬಳೆ ಹಿಡಿದು ಅವ್ವ ನಿಂತಳು.

"ಈಗ್ಲಾದ್ರೂ ಹೇಳು ಮಗ. ಎಷ್ಟೊತ್ತು?"

ಚಿಕ್ಕಪ್ಪ ನನ್ನ ಮುಖ ನೋಡಿದರು. ನನ್ನ ಹೆಂಡತಿ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕಾಯೋದೇನೂ ಬೇಡ ಅವ್ವ," ಎಂದೆ. "ನನ್ನ ಜೊತೇಲೇ ಬಂದ. ಪಕ್ಕದ ಸೀಟಲ್ಲೇ ಕೂತಿದ್ದ."

ನಾನು ಅವಳನ್ನು ಸಮಾಧಾನ ಮಾಡಲು ಹೇಳಿದೆನೋ, ಇದ್ದದ್ದನ್ನೇ ಹೇಳಿದೆನೋ, ಈಗಲೂ ನನಗೆ ತಿಳಿಯದು. ಅವ್ವ ಬಹಳ ಹೊತ್ತು ನನ್ನನ್ನು ನೋಡಿದಳು. ನಾನು ಚಿಕ್ಕವನಾಗಿದ್ದಾಗ ಸುಳ್ಳು ಹೇಳಿದರೆ ಹೀಗೆಯೇ ನೋಡುತ್ತಿದ್ದಳು, ನಿಜ ಹೇಳಿದರೂ ಹೀಗೆಯೇ.

"ದಾರೀಲಿ ಏನಾರಾ ಉಂಡ್ನಾ?" ಎಂದಳು.

"ಉಂಡ ಅವ್ವ. ಕೋಳಿ ಕೊಟ್ಟಿದ್ರು."

"ಹೊಟ್ಟೆ ತುಂಬಾ?"

"ಹೊಟ್ಟೆ ತುಂಬಾ."

ಅವ್ವ ಬಾಗಿಲು ಎಳೆದುಕೊಂಡಳು. ಜಗುಲಿಯ ಮೇಲೆ ಕೂತು ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಒಂದು ನನಗೆ ಕೊಟ್ಟು ಒಂದು ತಾನು ಹಾಕಿಕೊಂಡಳು. ಇಬ್ಬರೂ ಬೀದಿ ನೋಡುತ್ತ ಜಗಿದೆವು. ಜಟಕಾ ಒಂದು ಹೋಯಿತು. ಬಾಯಿ ಕೆಂಪಾಗುತ್ತಿದ್ದಂತೆ ಅವಳು ಎದ್ದು, ಒಮ್ಮೆ ಕೆಮ್ಮಿ, ಬಾಗಿಲು ತೆಗೆದಳು.